ಬೊಂಬೆ ಡಾಕ್ಟ್ರ ಬಿಳಿ ಬಟ್ಟೆ

ನಮ್ಮವರನ್ನು ಡಿಪೋದಲ್ಲಿ ಎಲ್ಲರೂ ಬೊಂಬೆ ಡಾಕ್ಟ್ರು ಅನ್ನುತ್ತಾರೆ. ಡಾಕ್ಟರೂ ಅಲ್ಲ, ಗೀಕ್ಟರೂ ಅಲ್ಲ. ಬಸ್ಸಿನ ಬ್ರೇಕು ರಿಪೇರಿ ಮಾಡುವ ಫಿಟ್ಟರು. ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗುವುದಿಲ್ಲ, ನಾನು ಬೈಯುವುದೂ ತಪ್ಪುವುದಿಲ್ಲ.

ಪ್ರತಿ ಡಿಪೋದಿಂದ ಒಬ್ಬರು ಪ್ರಥಮ ಚಿಕಿತ್ಸೆ ಕಲಿತು ಬಂದು ಉಳಿದವರಿಗೆ ಕಲಿಸಬೇಕು ಎಂದು ಒಂದು ಸಲ ಮೇಲಿನಿಂದ ಆದೇಶ ಬಂತಂತೆ. ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ಇವರು ಆ ಹೊತ್ತಿಗೆ ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿದ್ದರು. ಹೊರಗೆ ತೆವಳಿ ಬರುವಷ್ಟರಲ್ಲಿ ಇವರ ಹೆಸರು ಬರೆದಾಗಿತ್ತು. ಮುಖ ಹಿಂಡಿಕೊಂಡೇ ಹೋದ ಮನುಷ್ಯ, ವಾಪಸ್ ಬರುವಾಗ ಬೇರೆಯವರೇ ಆಗಿದ್ದರು. ಊಟಕ್ಕೆ ಕೂತರೂ ಅದೇ ಮಾತು: ಹೃದಯ ನಿಂತರೆ ಎದೆಯ ನಡುವೆ ಅಂಗೈ ಇಟ್ಟು ಒತ್ತಬೇಕು, ಮೊಣಕೈ ಮಡಚಬಾರದು, ಮೂವತ್ತು ಸಲ ಒತ್ತಿ ಎರಡು ಸಲ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು. ನೆಂಟರ ಮನೆಗೆ ಹೋದರೆ ನೆಂಟರ ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದರು. 'ನಿಮ್ಮ ಚಿಕ್ಕಪ್ಪನ ಪಕ್ಕೆಲುಬು ಗಟ್ಟಿ ಕಣೇ, ಒತ್ತೋದು ಕಷ್ಟ' ಎಂದು ನನ್ನ ಕಿವಿಯಲ್ಲಿ ಹೇಳಿದ್ದು ಚಿಕ್ಕಪ್ಪನಿಗೂ ಕೇಳಿಸಿಬಿಟ್ಟಿತ್ತು.

ಕಲಿಸುವುದಕ್ಕೆ ಒಂದು ಬೊಂಬೆ ಕೊಟ್ಟಿದ್ದರು. ತಲೆ, ಎದೆ, ಅಷ್ಟೇ. ಕೈಯಿಲ್ಲ, ಕಾಲಿಲ್ಲ. ಸರಿಯಾದ ಆಳಕ್ಕೆ ಒತ್ತಿದರೆ ಒಳಗಿನಿಂದ 'ಟಕ್' ಅನ್ನುತ್ತದೆ. ಡಿಪೋದ ಡ್ರೈವರುಗಳು, ಕಂಡಕ್ಟರುಗಳು, ಆಫೀಸಿನವರು, ಎಲ್ಲರೂ ಇವರ ಕೈಕೆಳಗೆ ಆ ಬೊಂಬೆಯ ಎದೆ ಒತ್ತಿದವರೇ. ಒತ್ತುವ ಮೊದಲು ಎರಡೂ ತೋಳು ಚಾಚಿ ಸುತ್ತ ನೋಡಿ 'ಜಾಗ ಸುರಕ್ಷಿತ!' ಎಂದು ಕೂಗಬೇಕು. ಹರಿದ ವಿದ್ಯುತ್ ತಂತಿ ಇಲ್ಲ, ಮೇಲೆ ಬರುವ ಗಾಡಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕಾಪಾಡಲು ಹೋದವನೇ ಬಿದ್ದರೆ ಇಬ್ಬರೂ ಹೋದಂತೆ, ಅದು ಇವರ ಮೊದಲ ಪಾಠ.

ಇಷ್ಟು ವರ್ಷ ಕಲಿಸಿದರೂ ಇವರು ಬೊಂಬೆ ಬಿಟ್ಟು ಬೇರೆ ಯಾರ ಎದೆಯ ಮೇಲೂ ಕೈ ಇಟ್ಟವರಲ್ಲ. ಇವರ ಕಣ್ಣೆದುರು ಯಾರೂ ಬಿದ್ದಿರಲೇ ಇಲ್ಲ. ಡಿಪೋದವರು ಅದಕ್ಕೇ ಹಾಸ್ಯ ಮಾಡುತ್ತಿದ್ದುದು. ಇವರು ನಕ್ಕು ಸುಮ್ಮನಾಗುತ್ತಿದ್ದರು, ಆದರೆ ಆ ಮಾತು ಎಲ್ಲೋ ಚುಚ್ಚುತ್ತಿತ್ತು. ಅದು ನನಗೆ ಗೊತ್ತು.

ಆಮೇಲೆ ಸೋಂಕಿನ ಕಾಲ ಬಂತು. ನಾನು ಆಯಾ ಆಗಿದ್ದ ಶಾಲೆ ಮುಚ್ಚಿತು. ಡಿಪೋದಲ್ಲಿ ಬಸ್ಸುಗಳು ಸಾಲಾಗಿ ನಿಂತವು. ತರಬೇತಿಯ ಕೋಣೆಯಲ್ಲಿ ಮಂಚ ಹಾಕಿ ಸೋಂಕು ತಗಲಿರಬಹುದಾದವರನ್ನು ಇರಿಸುತ್ತೇವೆ ಎಂದರು. ಬೊಂಬೆಯನ್ನು ಎಲ್ಲಿ ಇಡುವುದು? ನಮ್ಮವರು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಮನೆಗೇ ತಂದರು.

"ಬಂದ್ಳಮ್ಮಾ ನಿನ್ನ ಸವತಿ" ಎಂದು ಮಾವ ನಕ್ಕರು. ನಕ್ಕಿದ್ದೇ ಕೆಮ್ಮು ಶುರುವಾಯಿತು.

ನಮ್ಮ ಮಾವನ ವಿಷಯ ಹೇಳಲೇಬೇಕು. ಆಯುಷ್ಯವೆಲ್ಲ ಸಿಮೆಂಟ್ ಗೋದಾಮಿನಲ್ಲಿ ಮೂಟೆ ಹೊತ್ತವರು. ಪುಪ್ಪಸ ಅನ್ನುವುದು ಹೆಸರಿಗಷ್ಟೇ ಉಳಿದಿತ್ತು. ಮಂಚದಿಂದ ಬಚ್ಚಲಿಗೆ ಹೋಗಿ ಬಂದರೆ ಬಾಯಿಗೆ ಪಂಪು ಇಟ್ಟು ಎರಡು ಸಲ ಔಷಧ ಎಳೆದುಕೊಳ್ಳಬೇಕು. 'ಇವರಿಗೇನಾದರೂ ಈ ಸೋಂಕು ತಗಲಿದರೆ ಆಸ್ಪತ್ರೆಗೆ ಕರೆತರುವುದಕ್ಕೂ ಪುರುಸೊತ್ತು ಇರಲ್ಲ' ಎಂದು ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರು. ಮಾವ ಹೆತ್ತ ಅಪ್ಪನಿಗಿಂತ ಹೆಚ್ಚು ನನ್ನನ್ನು ನೋಡಿಕೊಂಡವರು. ಹಾಗಾಗಿ ಮನೆಗೆ ಬಂದ ಹಾಲಿನ ಪ್ಯಾಕೆಟ್ಟಿಗೂ ನಾನು ಸೋಪು ಹಚ್ಚಿ ತೊಳೆಯುತ್ತಿದ್ದೆ.

ಇತ್ತ ನಮ್ಮವರ ಫೋನಿಗೆ ವಾರಕ್ಕೊಂದು ಸುತ್ತೋಲೆ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಡಿ, ಬರೀ ಎದೆ ಒತ್ತಿ ಎಂದಿತು ಒಂದು. ಉಸಿರಿದೆಯಾ ಎಂದು ಕೆನ್ನೆ ಹತ್ತಿರ ತಂದು ನೋಡಬೇಡಿ, ದೂರದಿಂದಲೇ ಎದೆ ಏಳುತ್ತಿದೆಯಾ ನೋಡಿ ಎಂದಿತು ಇನ್ನೊಂದು. ಮಕ್ಕಳಿಗಾದರೆ ಉಸಿರು ಕೊಡಿ, ಬಿದ್ದವರು ನಿಮ್ಮದೇ ಮನೆಯವರಾದರೆ ಕೊಡಬಹುದು, ಒತ್ತುವ ಮೊದಲು ಬಿದ್ದವರ ಮೂಗು ಬಾಯಿಯ ಮೇಲೆ ಬಟ್ಟೆ ಹಾಕಿ, ಕೈಗವಸು ಇದ್ದರೆ ತೊಡಿ. ಎಲ್ಲದರ ಕೊನೆಗೆ ಒಂದೇ ಸಾಲು: ಉಳಿದದ್ದು ನಿಮ್ಮ ವಿವೇಚನೆಗೆ ಬಿಟ್ಟಿದ್ದು.

"ಈ ವಿವೇಚನೆ ಅಂದ್ರೆ ಏನೇ?" ಎಂದು ಕೇಳಿದರು ಒಂದು ದಿನ, ಬೊಂಬೆಯ ಮುಂದೆ ಮಂಡಿಯೂರಿ ಕೂತು.

"ಏನಾದ್ರೂ ಎಡವಟ್ಟಾದ್ರೆ ನಿಮ್ಮ ತಲೆ ಮೇಲೆ ಅಂತ" ಎಂದೆ.

ತಮಾಷೆಗೆ ಹೇಳಿದ್ದು. ಇವರು ನಗಲಿಲ್ಲ. ಕಲ್ಲಿನಲ್ಲಿ ಕೆತ್ತಿದ ಹಾಗೆ ಪಾಠ ಹೇಳುತ್ತಿದ್ದ ಮನುಷ್ಯ ಈಗ ತೋಳು ಚಾಚಿ 'ಜಾಗ ಸುರಕ್ಷಿತ' ಅನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ತಂತಿ ಕಣ್ಣಿಗೆ ಕಾಣುತ್ತದೆ, ಗಾಡಿ ಕಾಣುತ್ತದೆ. ಈ ಸೋಂಕನ್ನು ಎಲ್ಲಿ ನೋಡುವುದು?

ಬಟ್ಟೆ ಹಾಕಿ ಎಂದಿದ್ದರಲ್ಲ, ನಾನೇ ಹಳೆಯ ಬಿಳಿ ಹಾಸಿಗೆ ಬಟ್ಟೆಯೊಂದನ್ನು ಕುದಿಸಿ ಒಣಗಿಸಿ ತುಂಡು ಮಾಡಿಕೊಟ್ಟೆ. ಅಂಚು ಹೊಲಿಯಲು ಕೆಳಗಿನ ಮನೆಯ ಟೈಲರಿಗೆ ಕೊಟ್ಟೆವು. ಟೈಲರು ಗಂಡ ಹೆಂಡತಿ ಇಬ್ಬರೇ. ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಸಂಸಾರ. ಆ ಮಿಷನ್ನಿನ ಸದ್ದು ನಮ್ಮ ಮನೆಯ ನೆಲದಲ್ಲೂ ಗುಂಯ್ ಅನ್ನುತ್ತಿತ್ತು. ಟೈಲರು ಬಾಯಿ ತುಂಬ ಮಾತಿನ ಮನುಷ್ಯ.

"ಬರೀ ಬಿಳೀದು ಒಂಥರಾ ಕಾಣುತ್ತೆ ಡಾಕ್ಟ್ರೇ, ಒಂದು ಹೂವಾದ್ರೂ ಹಾಕ್ಕೊಡ್ಲಾ?" ಎಂದಿದ್ದರು.

"ಬೇಡ ಬೇಡ, ಬಿಳಿ ಆದ್ರೆ ಕೊಳೆ ಗೊತ್ತಾಗುತ್ತೆ" ಎಂದಿದ್ದರು ಇವರು.

ನಾನೇ ಇಸ್ತ್ರಿ ಮಾಡಿ ಮಡಚಿಕೊಟ್ಟೆ. ಇವರು ಸದಾ ಒಂದು ತುಂಡು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ಡಿಪೋದವರು ಫೋನಿನ ವಿಡಿಯೊದಲ್ಲೇ ತರಬೇತಿ ಮುಂದುವರಿಸಿ ಎಂದರು. ನಾನು ಫೋನು ಹಿಡಿದು ನಿಲ್ಲುವುದು, ಇವರು ಬೊಂಬೆ ಒತ್ತುವುದು. ಇವರ ಜೊತೆ ಎಣಿಸಿ ಎಣಿಸಿ ನನಗೂ ಬಾಯಿಪಾಠವಾಗಿಬಿಟ್ಟಿತ್ತು. ಇವರು ಸ್ನಾನಕ್ಕೆ ಹೋದಾಗ ನಾನೂ ಒಂದೆರಡು ಸಲ ಒತ್ತಿ 'ಟಕ್' ಅನ್ನಿಸಿದ್ದೆ. ಸವತಿಯ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಅಂದುಕೊಳ್ಳಿ.

ಒಂದು ದಿನ ಪಾಠದ ಮಧ್ಯೆ ಇವರು, "ನಿಜ ಹೇಳಿ, ಈಗಿನ ಪರಿಸ್ಥಿತೀಲಿ ದಾರೀಲಿ ಯಾರಾದ್ರೂ ಬಿದ್ರೆ ಯಾರ್ಯಾರು ಹೋಗಿ ಒತ್ತುತೀರಿ? ಕೈ ಎತ್ತಿ" ಎಂದರು. ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು ಅಲುಗಾಡಲಿಲ್ಲ. "ಮನೆಯವರು ಬಿದ್ರೆ?" ಎಂದರು. ಎಲ್ಲ ಕೈಗಳೂ ಮೇಲೆ ಬಂದವು. ಆಗ ಹೊಸದಾಗಿ ಸೇರಿದ ಕಂಡಕ್ಟರ್ ಹುಡುಗಿ, "ಸರ್, ನೀವು ಹೋಗ್ತೀರಾ?" ಎಂದಳು.

ಇವರು ನನ್ನ ಮುಖ ನೋಡಿದರು. ಹಿಂದೆ ಮಾವ ಕೆಮ್ಮುತ್ತಿದ್ದರು. "ಹಲೋ, ಹಲೋ, ಕೇಳಿಸ್ತಾ ಇಲ್ಲಮ್ಮ" ಎಂದು ಫೋನು ಕಟ್ ಮಾಡಿಬಿಟ್ಟರು.

"ನೆಟ್ವರ್ಕು ಚೆನ್ನಾಗೇ ಇತ್ತಲ್ರೀ" ಎಂದೆ.

"ಗೊತ್ತು ಕಣೇ. ಏನು ಹೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ."

"ಹೇಳೋದೇನು? ಇಲ್ಲ ಅನ್ನಿ. ನೀವು ಹೊರಗೆ ಯಾರನ್ನೂ ಮುಟ್ಟೋ ಹಾಗಿಲ್ಲ. ಮಾವನ್ನ ನೋಡಿ ಆಣೆ ಮಾಡಿ."

ಇವರು ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ಗೊತ್ತಾಗದ ಹಾಗೆ. ನಾನು ಹೌದೆಂದೇ ತಿಳಿದೆ.

ಆಮೇಲೆ ಆ ಬೆಳಗ್ಗೆ. ರಸ್ತೆಯ ಎದುರಿನ ಹಾಲಿನ ಅಂಗಡಿಯ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು, ಒಬ್ಬೊಬ್ಬರು ಒಂದೊಂದರೊಳಗೆ ನಿಲ್ಲಬೇಕು. ಒಂದೇ ಮನೆಯವರೆಂದು ನಾವಿಬ್ಬರೂ ಒಂದರಲ್ಲೇ ನಿಂತಿದ್ದೆವು. ಸ್ವಲ್ಪ ಮುಂದೆ ಟೈಲರು. ನಮ್ಮ ಹಿಂದೆ ಡಿಪೋದ ಒಬ್ಬ ಡ್ರೈವರು, ಇವರ ಶಿಷ್ಯರಲ್ಲೇ ಜಾಣ. ಬೊಂಬೆ ಒತ್ತುವುದರಲ್ಲಿ ಎತ್ತಿದ ಕೈ ಎಂದು ಇವರೇ ಹೊಗಳುತ್ತಿದ್ದರು. ಟೈಲರು ಹಿಂದೆ ತಿರುಗಿ, "ಏನಕ್ಕಾ, ಇವತ್ತು ಡಾಕ್ಟ್ರು ಸವತಿನ ಕರ್ಕೊಂಡು ಬಂದಿಲ್ವಾ?" ಎಂದು ನಕ್ಕರು. ಆ ನಗು ಮುಖದ ಮೇಲಿರುವಾಗಲೇ ಮಂಡಿ ಕುಸಿದು ಬಿದ್ದರು.

ಸಾಲಿನಲ್ಲಿದ್ದವರೆಲ್ಲ ಸರ್ರನೆ ಹಿಂದೆ ಸರಿದರು. ಅಷ್ಟು ಜನರಲ್ಲಿ ಒಬ್ಬರೂ ಮುಂದೆ ಹೋಗಲಿಲ್ಲ. ನಮ್ಮವರೂ ಹೋಗಲಿಲ್ಲ. ವೃತ್ತದೊಳಗೇ ನಿಂತು ಎರಡೂ ತೋಳು ಚಾಚಿದರು. 'ಜಾಗ...' ಎಂದು ಅರ್ಧಕ್ಕೇ ನಿಲ್ಲಿಸಿದರು. ತಿರುಗಿ, "ಏನ್ ಮಾಡ್ಲಿ?" ಎಂದು ನನ್ನನ್ನು ಕೇಳಿದರು.

ನನ್ನನ್ನು! ಇಷ್ಟು ವರ್ಷ ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಏನು ಮಾಡಲಿ ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ? ನನ್ನ ಕೈ ಅವರ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ತೋಳು ನನ್ನ ಕೈಯಲ್ಲಿ ಇರಲಿಲ್ಲ. ನಾನು ಬಿಟ್ಟೆನೋ, ಅವರು ಕಿತ್ತುಕೊಂಡರೋ, ಇವತ್ತಿಗೂ ಹೇಳಲಾರೆ.

"ಆಂಬುಲೆನ್ಸ್‌ಗೆ ಫೋನ್ ಮಾಡ್ರೀ!" ಎಂದು ಅಂಗಡಿಯವನಿಗೆ ಕೂಗಿ ಇವರು ಮಂಡಿಯೂರಿದರು. ಹೆಗಲು ತಟ್ಟಿ ಕರೆದರು. ದೂರದಿಂದ ಎದೆ ನೋಡಿದರು. ಜೇಬಿನಿಂದ ಬಿಳಿ ಬಟ್ಟೆ ತೆಗೆದು ಮೂಗು ಬಾಯಿಯ ಮೇಲೆ ಹಾಕಿದರು. ಬಟ್ಟೆ ದೊಡ್ಡದಿತ್ತು, ನಾನು ಧಾರಾಳವಾಗಿ ಕತ್ತರಿಸಿಕೊಟ್ಟಿದ್ದೆ. ಅದು ಹಣೆಯಿಂದ ಗದ್ದದವರೆಗೆ ಮುಖವನ್ನೆಲ್ಲ ಮುಚ್ಚಿತು. ಇವರು ಅದನ್ನು ಗಮನಿಸದೆ ಎದೆ ಒತ್ತತೊಡಗಿದರು.

ಹಿಂದೆ ಯಾರೋ, "ಅಯ್ಯೋ ಪಾಪ, ಹೋಗೇಬಿಟ್ರಾ" ಎಂದರು. ಗಲಾಟೆ ಕೇಳಿ ರಸ್ತೆಯ ಆಚೆಯಿಂದ ಟೈಲರ ಹೆಂಡತಿ ಓಡಿ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಇತ್ತು. ಬಿಳಿ ಬಟ್ಟೆ ಕಂಡದ್ದೇ ಬೀದಿಯ ಮಧ್ಯೆ ನಿಂತುಬಿಟ್ಟರು. ಆಮೇಲೆ ಅಲ್ಲೇ ಕೂತರು. ನಾಲ್ಕು ಹೆಜ್ಜೆ ಮುಂದೆ ಬಂದು ಗಂಡನ ಕೈಯನ್ನೂ ಹಿಡಿಯಲಿಲ್ಲ. ಈ ಹೆಂಗಸಿಗೇನಾಯಿತು, ಯಾಕೆ ಬರುತ್ತಿಲ್ಲ ಎಂದು ನನಗೆ ಸಿಟ್ಟೂ ಬಂತು ಆಗ.

ಎಷ್ಟು ಹೊತ್ತಾದರೂ ಗಾಡಿಯ ಸದ್ದಿಲ್ಲ. ಇವರ ಬೆವರು ತೊಟ್ಟಿಕ್ಕುತ್ತಿತ್ತು. ನಾನು ಅಂಗಡಿಯವನ ಕಡೆ ತಿರುಗಿ, "ಎಲ್ರೀ ಆಂಬುಲೆನ್ಸು? ಏನಂದ್ರು?" ಎಂದೆ.

"ಬರ್ತೀವಿ ಅಂದಿದ್ರು ಅಕ್ಕಾ. ಆಮೇಲೆ ನಾನೇ ಬೇಡ ಬಿಡಿ ಅಂದೆ. ಡಾಕ್ಟ್ರು ಮುಖ ಮುಚ್ಚಿಬಿಟ್ರಲ್ಲ."

ನನಗೆ ಮೊದಲು ತಲೆಗೇ ಹೋಗಲಿಲ್ಲ. ಆಮೇಲೆ ಬಟ್ಟೆ ನೋಡಿದೆ, ಬೀದಿಯಲ್ಲಿ ಕೂತಿದ್ದ ಟೈಲರ ಹೆಂಡತಿಯನ್ನು ನೋಡಿದೆ.

"ಅಯ್ಯೋ ನಿಮ್ಮ! ಹೆಣದ ಎದೆ ಯಾರಾದ್ರೂ ಒತ್ತುತಾರೇನ್ರೀ?"

"ನನಗೇನ್ ಗೊತ್ತಕ್ಕಾ? ಏನೋ ಕೊನೇ ಪ್ರಯತ್ನ ಇರ್ಬೇಕು ಅಂದ್ಕೊಂಡೆ."

"ಜೀವ ಇದೆ ಕಣ್ರೀ! ಮಾಡಿ ಫೋನು!" ನನ್ನ ಕೂಗಿಗೆ ಅವನ ಕೈಯಿಂದ ಫೋನು ಬಿತ್ತು. ಎತ್ತಿಕೊಂಡು ಮತ್ತೆ ಮಾಡಿದ. ಗಾಡಿಯನ್ನು ಬೇರೆ ಕಡೆ ಕಳಿಸಿಬಿಟ್ಟಿದ್ದೇವೆ, ಇನ್ನೊಂದು ಕಳಿಸುತ್ತೇವೆ ಎಂದರಂತೆ.

"ಯಾರಾದ್ರೂ ಬನ್ನಿ, ಕೈ ಬದಲಿಸ್ಬೇಕು" ಎಂದರು ನಮ್ಮವರು. ನಾನು ಡ್ರೈವರನ್ನು ನೋಡಿದೆ. ಅವನು ತನ್ನ ಚಪ್ಪಲಿ ನೋಡಿಕೊಂಡ.

"ಮನೇಲಿ ಕೂಸಿದೆ ಅಕ್ಕಾ" ಎಂದ.

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಹೇಗೆ ಬಾರಿಸಲಿ? ನಾನು ಇವರಿಗೆ ಹೇಳಿಕೊಟ್ಟದ್ದೂ ಅದನ್ನೇ ಅಲ್ಲವೇ? ಮನೆಯಲ್ಲಿ ಮಾವ ಇದ್ದಾರೆ, ಮುಟ್ಟಬೇಡಿ ಎಂದು. ಅವನ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು. ಯಾವುದು ಯಾವುದೆಂದು ತಿಳಿಯದೆ, ಹಾಲಿನ ಚೀಲ ಅಲ್ಲೇ ಬಿಸಾಕಿ ಹೋಗಿ ಮಂಡಿಯೂರಿದೆ. ಇವರ ಕೈ ಇದ್ದ ಕಡೆ ನನ್ನ ಕೈ ಇಟ್ಟೆ.

ಬೊಂಬೆಯ ಎದೆ ಬೇರೆ, ಮನುಷ್ಯನ ಎದೆ ಬೇರೆ. ಬೊಂಬೆ ಬೆಚ್ಚಗಿರುವುದಿಲ್ಲ. ಟಕ್ ಅನ್ನುವುದನ್ನೇ ಕಾಯುತ್ತಾ ಒತ್ತಿದೆ, ಆದದ್ದು ಲಟಕ್. ಮೂಳೆ ಮುರಿಯಿತೆಂದು ಕೈ ತೆಗೆದುಬಿಟ್ಟೆ.

"ಆಗುತ್ತೆ ಅದು, ನಿಲ್ಲಿಸ್ಬೇಡ! ಎಣಿಸು!" ಎಂದರು ಇವರು.

ಎಣಿಸಿದೆ. ಟೈಲರ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇತ್ತು, ಒತ್ತಿದಾಗೆಲ್ಲ ಅದು ನನ್ನ ಕೈಗೆ ತಾಗುತ್ತಿತ್ತು. ಬಾಯಿಯ ಮೇಲಿನ ಬಟ್ಟೆ ಒಂದು ಸಲ ಅಲುಗಿತು. ಉಸಿರೋ ಗಾಳಿಯೋ? ಇವರನ್ನು ಕೇಳಿದರೆ ಇವರಿಗೂ ಗೊತ್ತಾಗಲಿಲ್ಲ.

ಕೊನೆಗೂ ಗಾಡಿ ಬಂತು. ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡ ಇಬ್ಬರು ಇಳಿದು ಎದೆಗೆ ಯಂತ್ರ ಹಚ್ಚಿದರು. "ನಾಡಿ ಸಿಕ್ತು" ಎಂದು ಒಬ್ಬ ಕೂಗಿದ. ಆಗಲೇ ಟೈಲರ ಹೆಂಡತಿ ಎದ್ದದ್ದು. ಗಾಡಿಯ ಬಾಗಿಲು ಹಾಕುವಷ್ಟರಲ್ಲಿ ಓಡಿಬಂದರು. ಒಳಗೆ ಬಿಡಲಿಲ್ಲ. ತಿರುಗಿ ಇವರನ್ನೇ ನೋಡಿ, "ಮುಖ ಯಾಕೆ ಮುಚ್ಚಿದ್ರಿ ಡಾಕ್ಟ್ರೇ? ಜೀವ ಇದ್ರೆ ಮುಖ ಯಾಕೆ ಮುಚ್ಚಿದ್ರಿ?" ಎಂದರು. ಇವರು ಸುತ್ತೋಲೆ ಎಂದೇನೋ ತೊದಲಿದರು.

ನಾವಿಬ್ಬರೂ ಮನೆಗೆ ಹೋಗುವ ಹಾಗಿರಲಿಲ್ಲ. ಡಿಪೋದ ಅದೇ ತರಬೇತಿ ಕೋಣೆಯ ಮಂಚಗಳ ಮೇಲೆ ಬಿದ್ದುಕೊಂಡೆವು. ನಮ್ಮ ಅತ್ತಿಗೆ ಬಂದು ಮಾವನ ಜೊತೆ ಉಳಿದರು. "ನಿನ್ನ ಸವತಿ ಜೊತೆ ನಾನಿದ್ದೀನಿ, ನೀವು ಹೆದರ್ಬೇಡಿ" ಎಂದು ಮಾವ ಫೋನಿನಲ್ಲಿ ನಗಿಸಲು ನೋಡಿದರು. ಟೈಲರು ಆಸ್ಪತ್ರೆಯಲ್ಲಿ ಕಣ್ಣು ಬಿಡಲೇ ಇಲ್ಲ, ಮರುದಿನ ಸಂಜೆ ಹೋಗಿಬಿಟ್ಟರು. ಸೋಂಕು ಇರಲಿಲ್ಲವಂತೆ, ಬರೀ ಹೃದಯದ ತೊಂದರೆ. ಮೊದಲ ಗಾಡಿ ಬಂದಿದ್ದರೆ ಉಳಿಯುತ್ತಿದ್ದರಾ ಎಂದು ಇವರು ಆಸ್ಪತ್ರೆಗೆ ಫೋನು ಮಾಡಿ ಕೇಳಿದರು. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಹಾಗೆಲ್ಲ ಹೇಳಲು ಬರುವುದಿಲ್ಲ ಎಂದರು ಅವರು.

ಮನೆಗೆ ಮರಳಿದ ಮೇಲೆ ಇವರು ಬೊಂಬೆಯನ್ನು ಮಂಚದ ಕೆಳಗೆ ತಳ್ಳಿದರು. ಪಾಠ ಯಾವಾಗ ಎಂದು ಡಿಪೋದಿಂದ ಫೋನು ಬಂದರೆ, ನನ್ನಿಂದಾಗಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದರು. ಊಟದ ಮಧ್ಯೆ ತುತ್ತು ಹಿಡಿದು, "ಬಟ್ಟೆ ಹಾಕ್ದೇ ಇದ್ದಿದ್ರೆ?" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ತಾವೇ, "ಹಾಕ್ದೇ ಇದ್ದು ಅಪ್ಪಂಗೆ ಏನಾದ್ರೂ ಆಗಿದ್ದಿದ್ರೆ?" ಎನ್ನುತ್ತಿದ್ದರು. ಮೆಟ್ಟಿಲಿಳಿಯುವಾಗ ಟೈಲರ ಮನೆಯ ಬಾಗಿಲು ಮುಚ್ಚಿರುತ್ತಿತ್ತು. ಮಿಷನ್ನಿನ ಸದ್ದಿಲ್ಲದೆ ನಮ್ಮ ಮನೆಯ ನೆಲವೂ ಸತ್ತಂತಿತ್ತು. ನಾನು ಬಾಗಿಲು ತಟ್ಟಲು ಹೋಗಿ ಎರಡು ಸಲ ವಾಪಸ್ ಬಂದೆ. ಏನೆಂದು ಹೇಳುವುದು?

ಹೀಗೇ ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ನೆಲ ಗುಂಯ್ ಅಂದಿತು. ಮಾವ ಮಂಚದ ಮೇಲೆ ಎದ್ದು ಕೂತರು. ಕೆಳಗೆ ಮಿಷನ್ನು ಓಡುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಟೈಲರ ಹೆಂಡತಿ, ಹೊಸಿಲಾಚೆ ಎರಡು ಮಾರು ದೂರ ನಿಂತಿದ್ದರು. ಹೊಸಿಲ ಮೇಲೆ ಮಡಚಿದ ಒಂದು ಬಿಳಿ ಬಟ್ಟೆ.

"ಡಾಕ್ಟ್ರಿಗೆ ಕೊಡಿ. ಮುಂದಿನ ಸಲ ಇದನ್ನ ಹಾಕ್ಲಿ" ಎಂದಷ್ಟೇ ಹೇಳಿ ಇಳಿದುಹೋದರು.

ಬಿಡಿಸಿ ನೋಡಿದೆವು. ನಾವು ಕೊಟ್ಟಿದ್ದ ತುಂಡುಗಳಲ್ಲೇ ಉಳಿದಿದ್ದ ಒಂದು. ನಡುವೆ ಕೆಂಪು ದಾರದಲ್ಲಿ, ಒತ್ತೊತ್ತಾಗಿ, ಒಂದೊಂದು ಅಕ್ಷರವೂ ಅಂಗೈಯಗಲ: ಇನ್ನೂ ಜೀವ ಇದೆ.

ಇವರು ಅದನ್ನು ತೊಡೆಯ ಮೇಲೆ ಹರಡಿಕೊಂಡರು. "ಇದು ನನಗೆ ಬೈದಿದ್ದಾ?" ಎಂದರು. ನನಗೇನು ಗೊತ್ತು? ಬೈದದ್ದೋ, ಕ್ಷಮಿಸಿದ್ದೋ, ಕೆಲಸ ಹಚ್ಚಿದ್ದೋ. ಮಾವ ಮಾತ್ರ, "ಮುಂದಿನ ಸಲ ಅಂದ್ಳಲ್ಲೋ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಇವರು ಎದ್ದು ಬೊಂಬೆಯನ್ನು ಮಂಚದ ಕೆಳಗಿನಿಂದ ಎಳೆದರು. ಧೂಳು ಒರೆಸಿದರು. ಬೀದಿಯ ಕಡೆಯ ಕಿಟಕಿಯ ಕಟ್ಟೆಗೆ ಅದನ್ನು ಆನಿಸಿ ಕೂರಿಸಿ, ಮುಖದ ಮೇಲೆ ಬಟ್ಟೆ ಇಳಿಬಿಟ್ಟರು.

"ದೂರಕ್ಕೆ ಕಾಣುತ್ತಾ ನೋಡು, ಹೋಗು" ಎಂದರು.

ಬಾಗಿಲಿನಿಂದ ನೋಡಿ ಕಾಣುತ್ತೆ ಎಂದೆ. ಇನ್ನೂ ದೂರ ಎಂದರು. ಮೆಟ್ಟಿಲಿಳಿದು ರಸ್ತೆ ದಾಟಿ ಹಾಲಿನ ಅಂಗಡಿಯ ಮುಂದೆ, ಅರ್ಧ ಅಳಿಸಿದ ಸುಣ್ಣದ ವೃತ್ತದೊಳಗೆ ನಿಂತು ಮೇಲೆ ನೋಡಿದೆ. ಕಿಟಕಿಯಲ್ಲಿ ಬೊಂಬೆ, ಅದರ ಪಕ್ಕ ನಮ್ಮವರು.

"ಕಾಣುತ್ತಾ?" ಎಂದು ಕೂಗಿದರು.

"ಇನ್ನೂ ಜೀವ ಇದೆ!" ಎಂದು ಓದಿ ಕೂಗಿದೆ.

ಅಂಗಡಿಯವನು ಹಾಲಿನ ಟ್ರೇ ಹಿಡಿದವನು ಹಿಡಿದ ಹಾಗೇ ನಿಂತ. ಕೆಳಗಿನ ಮನೆಯ ಬಾಗಿಲು ತೆರೆಯಿತು. ಟೈಲರ ಹೆಂಡತಿ ಕುತ್ತಿಗೆಯ ಟೇಪು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದು, ಒಂದು ಸಲ ಮೇಲಿನ ಕಿಟಕಿ ನೋಡಿದರು, ಒಂದು ಸಲ ನನ್ನನ್ನು ನೋಡಿದರು.

"ಅಷ್ಟು ದೂರಕ್ಕೆ ಸಾಕಾ ಅಕ್ಷರ? ಇನ್ನೂ ದೊಡ್ಡದು ಮಾಡ್ಲಾ?" ಎಂದು ಕೇಳಿದರು.